ಶಹಬ್ಬಾಸ್ ಎನ್ನುವ ಮುನ್ನ

ಬೈಗುಳವನ್ನು ನಾವು ತೂಗಿ ನೋಡುತ್ತೇವೆ, ಹೊಗಳಿಕೆಯನ್ನು ಮಾತ್ರ ಹಾಗೆಯೇ ಮಡಿಲಿಗೆ ಹಾಕಿಕೊಂಡುಬಿಡುತ್ತೇವೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಸಿಕ್ಕ ಹೊಗಳಿಕೆಯನ್ನಂತೂ ಯಾರೂ ಮಗುಚಿ ನೋಡುವುದಿಲ್ಲ. ಸಿಕ್ಕಿತಲ್ಲ, ಅದೇ ದೊಡ್ಡದು ಎಂಬ ಭಾವ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಮಹಿಳೆಯರ ತಂಡ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಗೆದ್ದಾಗ ಹೊಗಳಿಕೆಯ ಹೊಳೆಯೇ ಹರಿಯಿತು. ಎಲ್ಲರಂತೆ ನನಗೂ ಕಣ್ಣು ತುಂಬಿ ಬಂತು. ಆದರೆ ನಾಲ್ಕು ದಿನ ಕಳೆದ ಮೇಲೆ ಆ ಮಾತುಗಳನ್ನೇ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಬೇಕೆನ್ನಿಸಿತು. ತಂಡದ ಆಟವನ್ನು ವಿಮರ್ಶಿಸುವಷ್ಟು ಪರಿಣತಿ ನನಗಿಲ್ಲ. ಆ ಆಟದ ಕಥೆಯನ್ನು ನಾವು ಹೇಳುತ್ತಿರುವ ರೀತಿಯನ್ನು ವಿಮರ್ಶಿಸಬಲ್ಲೆ.

ಮೊದಲನೆಯ ಮಾತು, ಇದು ಹೊಸ ಉದಯ ಎಂಬುದು. ಸೂರ್ಯ ಮೂಡುವುದಕ್ಕೆ ಯಾರೂ ದುಡಿಯಬೇಕಾಗಿಲ್ಲ, ಹೊತ್ತು ಬಂದರೆ ತಾನೇ ಮೂಡುತ್ತಾನೆ. ಈ ತಂಡ ಹಾಗೆ ಮೂಡಿದ್ದಲ್ಲ. ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದೇ ವರ್ಷ ಪುಣೆಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದಾಗ ಬಂದಿದ್ದು ಮೂರೇ ತಂಡ. 1976ರ ಅಕ್ಟೋಬರ್ 31ರಂದು ನಮ್ಮ ಮಹಿಳೆಯರು ಮೊದಲ ಟೆಸ್ಟ್ ಆಡಲು ಇಳಿದದ್ದು ನಮ್ಮ ಬೆಂಗಳೂರಿನಲ್ಲೇ, ಈಗ ಚಿನ್ನಸ್ವಾಮಿ ಕ್ರೀಡಾಂಗಣ ಎನ್ನುವ ಮೈದಾನದಲ್ಲಿ. ಎದುರಾಳಿ ವೆಸ್ಟ್ ಇಂಡೀಸ್, ನಮ್ಮ ನಾಯಕಿ ಕನ್ನಡನಾಡಿನ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಗೆಲುವೂ ಬಂತು. ಮುಂದಿನ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ಆ ಕಾಲದ ಆಟಗಾರ್ತಿಯರು ಕಾದಿರಿಸದ ರೈಲು ಬೋಗಿಗಳಲ್ಲಿ ಕೂತು ಊರೂರಿಗೆ ಹೋದದ್ದನ್ನು, ಸಾಲು ಹಾಸಿಗೆಯ ಕೋಣೆಗಳಲ್ಲಿ ಮಲಗಿದ್ದನ್ನು, ಬ್ಯಾಟುಗಳನ್ನು ಹಂಚಿಕೊಂಡು ಆಡಿದ್ದನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇಷ್ಟೆಲ್ಲ ನಡೆದ ಮೇಲೆ ಇದು ಈಗ ಮೂಡಿತು ಎಂದರೆ, ಅಜ್ಜಿ ನೆಟ್ಟು ನೀರೆರೆದ ಮರದ ಹಣ್ಣು ತಿನ್ನುತ್ತ ಈ ಮರ ನಿನ್ನೆ ಹುಟ್ಟಿತು ಎಂದ ಹಾಗೆ.

ಎರಡನೆಯ ಮಾತು ಹೋಲಿಕೆಯದು. ಇದು ಮಹಿಳೆಯರ 1983, ಇವಳು ಹೆಣ್ಣು ತೆಂಡುಲ್ಕರ್, ಅವಳು ಹೆಣ್ಣು ಕೊಹ್ಲಿ ಎನ್ನುವ ಮಾತು. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಅಳೆಯುವ ಸೇರು ಯಾವಾಗಲೂ ಗಂಡಸರ ಮನೆಯದೇ ಏಕಾಗಬೇಕು? ಅಷ್ಟಕ್ಕೂ ಹೋಲಿಸಲೇಬೇಕೆಂದರೆ ಲೆಕ್ಕ ಬೇರೆಯಾಗಿಯೇ ಬರುತ್ತದೆ. ಮಹಿಳೆಯರ ಮೊದಲ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆದದ್ದು 1973ರಲ್ಲಿ, ಪುರುಷರದು ಅದಾಗಿ ಎರಡು ವರ್ಷಕ್ಕೆ. ಏಕದಿನ ಪಂದ್ಯದಲ್ಲಿ ಸಚಿನ್ ತೆಂಡುಲ್ಕರ್ ಇನ್ನೂರು ಹೊಡೆದದ್ದು 2010ರಲ್ಲಿ, ಗ್ವಾಲಿಯರಿನಲ್ಲಿ. ಆಸ್ಟ್ರೇಲಿಯದ ಬೆಲಿಂಡಾ ಕ್ಲಾರ್ಕ್ 1997ರಲ್ಲೇ, ಅದೂ ನಮ್ಮ ಮುಂಬಯಿಯಲ್ಲೇ, ಡೆನ್ಮಾರ್ಕಿನ ವಿರುದ್ಧ 229 ಹೊಡೆದು ಔಟಾಗದೆ ಉಳಿದಿದ್ದರು. ನಮ್ಮ ಪುರುಷರ ತಂಡಕ್ಕೆ ಮೊದಲ ಟೆಸ್ಟ್ ಗೆಲ್ಲಲು 1932ರಿಂದ 1952ರವರೆಗೆ ಇಪ್ಪತ್ತು ವರ್ಷ ಬೇಕಾಯಿತು. ಮಹಿಳೆಯರು ಮೊದಲ ಸರಣಿಯಲ್ಲೇ ಒಂದು ಪಂದ್ಯ ಗೆದ್ದರು. ಹಾಗೆಂದು ಯಾರೂ ಗಂಡಸರನ್ನು ಶಾಂತಾಗೆ ಹೋಲಿಸಲಿಲ್ಲ. 2017ರಲ್ಲಿ ಪತ್ರಕರ್ತರೊಬ್ಬರು ಮಿಥಾಲಿ ರಾಜ್ ಅವರನ್ನು ನಿಮಗೆ ಇಷ್ಟವಾದ ಪುರುಷ ಆಟಗಾರ ಯಾರು ಎಂದು ಕೇಳಿದಾಗ, ಇದೇ ಪ್ರಶ್ನೆಯನ್ನು ಗಂಡಸರಿಗೆ ಕೇಳುತ್ತೀರಾ ಎಂದು ಅವರು ತಿರುಗಿ ಕೇಳಿದ್ದರು. ಎಂಟು ವರ್ಷ ಕಳೆದರೂ ಆ ಪ್ರಶ್ನೆಯ ಅರ್ಥ ನಮ್ಮ ತಲೆಗೆ ಪೂರ್ತಿ ಇಳಿದಿಲ್ಲ.

ಮೂರನೆಯದು, ಒಂಟಿ ನಾಯಕಿಯ ಕಥೆ. ಇದಕ್ಕೆ ಉದಾಹರಣೆಯಾಗಿ ಮಿಥಾಲಿ ಅವರ ಬದುಕನ್ನು ಆಧರಿಸಿ 2022ರಲ್ಲಿ ಬಂದ 'ಶಭಾಷ್ ಮಿಥು' ಎಂಬ ಹಿಂದಿ ಚಿತ್ರವನ್ನು ನೋಡಬಹುದು. ಶ್ರೀಜಿತ್ ಮುಖರ್ಜಿ ನಿರ್ದೇಶನ, ತಾಪ್ಸಿ ಪನ್ನು ಅಭಿನಯ. ಚಿತ್ರದ ಮೊದಲ ಭಾಗ ನನಗೆ ಬಹಳ ಹಿಡಿಸಿತು. ನಾಟ್ಯ ಕಲಿಯಲು ಬಂದ ಪುಟ್ಟ ಹುಡುಗಿಗೆ ನೂರಿ ಎಂಬ ತುಂಟ ಗೆಳತಿ ಸಿಗುತ್ತಾಳೆ, ಇಬ್ಬರೂ ಕದ್ದುಮುಚ್ಚಿ ಚೆಂಡು ದಾಂಡು ಹಿಡಿಯುತ್ತಾರೆ. ಮುಂದೆ ನೂರಿಗೆ ಮದುವೆ ಗಂಟುಬೀಳುತ್ತದೆ, ಮಿಥು ಒಬ್ಬಳೇ ಮುಂದೆ ಹೋಗುತ್ತಾಳೆ. ಅಲ್ಲಿಂದಾಚೆಗೆ ಚಿತ್ರವೂ ಒಬ್ಬಳದೇ ಆಗಿಬಿಡುತ್ತದೆ. ಅವಳ ಮೌನ, ಅವಳ ಹಠ, ಅವಳ ಕಣ್ಣೀರು. ಹನ್ನೊಂದು ಜನ ಸೇರಿ ಆಡುವ ಆಟ ಹಿನ್ನೆಲೆಗೆ ಸರಿಯುತ್ತದೆ. ಚಿತ್ರದ ಹೆಸರೇ ನೋಡಿ. ಶಭಾಷ್, ನಮ್ಮ ಬಾಯಲ್ಲಿ ಶಹಬ್ಬಾಸ್, ಹಿರಿಯರು ಕಿರಿಯರ ಬೆನ್ನು ತಟ್ಟಿ ಹೇಳುವ ಮಾತು. ಇಪ್ಪತ್ತಮೂರು ವರ್ಷ ದೇಶಕ್ಕಾಗಿ ಆಡಿದ ಹೆಣ್ಣನ್ನು ತರಗತಿಯಲ್ಲಿ ಮಗ್ಗಿ ಒಪ್ಪಿಸಿದ ಮಗುವಿನಂತೆ ಬೆನ್ನು ತಟ್ಟುವುದೆ?

ಒಂಟಿ ನಾಯಕಿಯ ಕಥೆಯಲ್ಲಿ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಮಿಥಾಲಿ ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯವೇ ಸಾಕ್ಷಿ. 1999ರ ಜೂನ್ 26, ಇಂಗ್ಲೆಂಡಿನ ಮಿಲ್ಟನ್ ಕೀನ್ಸ್, ಎದುರಾಳಿ ಐರ್ಲೆಂಡ್. ಭಾರತ ವಿಕೆಟ್ ಕಳೆದುಕೊಳ್ಳದೆ 258. ಮಿಥಾಲಿ ಔಟಾಗದೆ 114 ಎಂದು ಎಲ್ಲರೂ ಬಲ್ಲರು. ಇನ್ನೊಂದು ತುದಿಯಲ್ಲಿ ಔಟಾಗದೆ 104 ಹೊಡೆದವರು ಯಾರು? ರೇಶ್ಮಾ ಗಾಂಧಿ. ಅವರಿಗೂ ಅದು ಮೊದಲ ಪಂದ್ಯವೇ. ಅವರಿಗೆ ದಕ್ಕಿದ್ದು ಒಟ್ಟು ಎರಡೇ ಏಕದಿನ ಪಂದ್ಯ. ಒಂದೇ ದಿನ ಜೊತೆಯಾಗಿ ಶತಕ ಹೊಡೆದ ಇಬ್ಬರಲ್ಲಿ ಒಬ್ಬರು ಚರಿತ್ರೆಯಾದರು, ಇನ್ನೊಬ್ಬರು ಅಂಕಪಟ್ಟಿಯ ಒಂದು ಸಾಲಾದರು. ಚಿತ್ರದ ನೂರಿ ಕಲ್ಪನೆಯವಳಿರಬಹುದು, ಆದರೆ ಎಲ್ಲ ಕಾಲದಲ್ಲೂ ಒಬ್ಬಳು ನೂರಿ ಇದ್ದೇ ಇದ್ದಾಳೆ.

2025ರ ಗೆಲುವೂ ಒಬ್ಬಳದಲ್ಲ. ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯದ 338 ರನ್ನುಗಳನ್ನು ಬೆನ್ನಟ್ಟುವಾಗ ಜೆಮಿಮಾ ರೋಡ್ರಿಗಸ್ ಔಟಾಗದೆ 127 ಹೊಡೆದರು, ಜೊತೆಗೆ ನಾಯಕಿ ಹರ್ಮನ್‌ಪ್ರೀತ್ ಕೌರ್ 89. ಫೈನಲ್ಲಿನಲ್ಲಿ 87 ಹೊಡೆದು ಎರಡು ವಿಕೆಟ್ ಕಿತ್ತ ಶಫಾಲಿ ವರ್ಮಾ ಮೊದಲು ಆರಿಸಿದ ತಂಡದಲ್ಲಿ ಇರಲೇ ಇಲ್ಲ. ಪ್ರತೀಕಾ ರಾವಲ್ ಗಾಯಗೊಂಡದ್ದರಿಂದ ಬಂದವರು. ದೀಪ್ತಿ ಶರ್ಮಾ 58 ರನ್ ಹೊಡೆದದ್ದಲ್ಲದೆ ಐದು ವಿಕೆಟ್ ತೆಗೆದರು. ಅಲ್ಲಿಯವರೆಗೆ ಮುನ್ನೂರಕ್ಕೂ ಹೆಚ್ಚು ರನ್ ಕೂಡಿಸಿದ್ದ ಪ್ರತೀಕಾ ಗಾಲಿಕುರ್ಚಿಯಲ್ಲಿ ಕೂತು ಸಂಭ್ರಮಕ್ಕೆ ಬಂದರು. ಇದರಲ್ಲಿ ಯಾರ ಹೆಸರು ಬಿಟ್ಟರೂ ಕಪ್ ಕೈಗೆ ಬರುತ್ತಿರಲಿಲ್ಲ.

ನಾಲ್ಕನೆಯ ಮಾತು ಎಲ್ಲಕ್ಕಿಂತ ಮೃದುವಾದದ್ದು, ಆದ್ದರಿಂದಲೇ ಹೆಚ್ಚು ಅಪಾಯದ್ದು. ಈಗ ಎಲ್ಲ ಸರಿಹೋಯಿತು, ಹೆಣ್ಣುಮಕ್ಕಳಿಗೂ ಸಮಾನ ಸಂಭಾವನೆ ಸಿಗುತ್ತಿದೆ ಎಂಬುದು. ಸುಧಾರಣೆ ಆಗಿಲ್ಲವೆಂದು ನಾನು ಹೇಳಲಾರೆ. 2005ರ ವಿಶ್ವಕಪ್ಪಿನಲ್ಲಿ ಫೈನಲ್ ತಲುಪಿದ ತಂಡಕ್ಕೆ ಪಂದ್ಯಕ್ಕೆ ಒಂದು ಸಾವಿರ ರೂಪಾಯಿಯಂತೆ ಕೊಟ್ಟಿದ್ದರು ಎಂದು ಮಿಥಾಲಿ ಅವರೇ ಹೇಳಿದ್ದಾರೆ. 2006ರಲ್ಲಿ ಮಹಿಳಾ ಕ್ರಿಕೆಟ್ ಪುರುಷರ ಮಂಡಳಿಯ ಕೈಗೆ ಬಂತು. 2015ರಲ್ಲಿ ಮೊದಲ ಬಾರಿಗೆ ಆಟಗಾರ್ತಿಯರೊಂದಿಗೆ ವಾರ್ಷಿಕ ಒಪ್ಪಂದವಾಯಿತು. 2022ರ ಅಕ್ಟೋಬರಿನಲ್ಲಿ ಪಂದ್ಯದ ಸಂಭಾವನೆ ಇಬ್ಬರಿಗೂ ಒಂದೇ ಎಂದು ಘೋಷಿಸಿದರು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾಯಿತು, ಮರುವರ್ಷ ಬೆಂಗಳೂರಿನ ತಂಡವೇ ಅದನ್ನು ಗೆದ್ದಿತು.

ಆದರೆ ಐದನೆಯ ತರಗತಿಯ ಮಗುವಿಗೂ ತಿಳಿಯುವ ಲೆಕ್ಕ ಒಂದಿದೆ. ಕೂಲಿಯ ದರ ಒಂದೇ ಆದರೆ ಸಾಲದು, ಕೆಲಸದ ದಿನಗಳೂ ಸಿಗಬೇಕು. 2006ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಟಾಂಟನ್ನಿನಲ್ಲಿ ಟೆಸ್ಟ್ ಗೆದ್ದ ಮೇಲೆ 2021ರ ಜೂನ್‌ವರೆಗೆ ನಮ್ಮ ಮಹಿಳೆಯರು ಆಡಿದ ಟೆಸ್ಟುಗಳು ಎಷ್ಟು ಗೊತ್ತೆ? ಎರಡೇ ಎರಡು. ಎರಡೂ 2014ರಲ್ಲಿ. ಅದರಲ್ಲಿ ಒಂದು ನಮ್ಮ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ, ದಕ್ಷಿಣ ಆಫ್ರಿಕದ ವಿರುದ್ಧ. ತಿರುಷ್ ಕಾಮಿನಿ 192 ರನ್ ಹೊಡೆದರು, ನಾವು ಇನ್ನಿಂಗ್ಸಿನಿಂದ ಗೆದ್ದೆವು. ಗೆದ್ದವರಿಗೆ ಸಿಕ್ಕ ಬಹುಮಾನ ಆರೂವರೆ ವರ್ಷ ಕಾಯುವಿಕೆ. ಈ ಬರಗಾಲ ಬಂದದ್ದು ಬಡತನದ ದಿನಗಳಲ್ಲಲ್ಲ, ಶ್ರೀಮಂತ ಮಂಡಳಿಯ ಆಶ್ರಯದಲ್ಲಿದ್ದಾಗ. ಸಂಭಾವನೆ ಸಮಾನವಾದ ಆ 2022ರಲ್ಲೂ ವಾರ್ಷಿಕ ಒಪ್ಪಂದದ ಮೇಲಿನ ದರ್ಜೆ ಪುರುಷರಿಗೆ 7 ಕೋಟಿ, ಮಹಿಳೆಯರಿಗೆ 50 ಲಕ್ಷ. ಉದಯದ ಕಥೆ ಹೇಳುವವರು ಈ ಮಬ್ಬನ್ನು ಹೇಳುವುದಿಲ್ಲ.

ಹಾಗಾದರೆ ಕಥೆಯನ್ನು ಹೇಗೆ ಹೇಳಬೇಕು? ಹುಡುಗಿಯರ ಹಠದ ಜೊತೆಗೆ, ಆ ಹಠ ನಿಲ್ಲಲು ಆಸರೆಯಾದ ಕಂಬಗಳನ್ನೂ ಹೇಳಬೇಕು. ಶಾಂತಾ ರಂಗಸ್ವಾಮಿ ಅವರಿಗೆ ಕೆನರಾ ಬ್ಯಾಂಕಿನ ಕೆಲಸವಿತ್ತು. ಎಷ್ಟೋ ಆಟಗಾರ್ತಿಯರಿಗೆ ರೈಲ್ವೆ ಇಲಾಖೆ ನೌಕರಿ ಕೊಟ್ಟಿತು. ತಿಂಗಳ ಸಂಬಳ ಕೈಗೆ ಬರುವ ಮಗಳನ್ನು ಆಟ ಬಿಡು ಎನ್ನಲು ಮನೆಯವರಿಗೂ ಬಾಯಿ ಬರುವುದಿಲ್ಲ, ಇದು ನಮಗೆಲ್ಲ ತಿಳಿದ ಗುಟ್ಟೇ. ಹಿಮಾಚಲದ ಧರ್ಮಶಾಲಾದಲ್ಲಿ ಹುಡುಗಿಯರಿಗೆಂದೇ ಊಟ ವಸತಿಯ ಕ್ರಿಕೆಟ್ ಶಾಲೆ ತೆರೆದರು, ಬೆಟ್ಟದ ಹಳ್ಳಿಯ ರೇಣುಕಾ ಸಿಂಗ್ ಅಲ್ಲಿಂದ ಬಂದರು. 2025ರ ತಂಡದಲ್ಲಿ ಮಧ್ಯಪ್ರದೇಶದ ಹಳ್ಳಿಯ ಕ್ರಾಂತಿ ಗೌಡ್ ಇದ್ದರು, ಪಕ್ಕದ ಕಡಪ ಜಿಲ್ಲೆಯ ಶ್ರೀಚರಣಿ ಇದ್ದರು. ಕನ್ನಡತಿ ಒಬ್ಬರೂ ಇರಲಿಲ್ಲ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡನ್ನು 79ಕ್ಕೆ ಉರುಳಿಸಿದಾಗ 15 ರನ್ನಿಗೆ ಐದು ವಿಕೆಟ್ ಕಿತ್ತವರು ವಿಜಯಪುರದ ರಾಜೇಶ್ವರಿ ಗಾಯಕವಾಡ, ಅದೇ ಪಂದ್ಯದಲ್ಲಿ 45 ಚೆಂಡಿಗೆ 70 ಹೊಡೆದವರು ಕಡೂರಿನ ವೇದಾ ಕೃಷ್ಣಮೂರ್ತಿ. ಮೊದಲ ಟೆಸ್ಟ್ ನಡೆದ, ಮೊದಲ ನಾಯಕಿಯನ್ನು ಕೊಟ್ಟ ನಾಡು ನಮ್ಮದು. ಇನ್ನೊಬ್ಬ ರಾಜೇಶ್ವರಿ, ಇನ್ನೊಬ್ಬ ವೇದಾ ಇಲ್ಲದೆ ಹೋಗಿಲ್ಲ, ಎಲ್ಲೋ ನಿಂತಿದ್ದಾರೆ.

ಎಲ್ಲಿ ನಿಂತಿದ್ದಾರೆಂದು ಪಾಠ ಹೇಳುವವರಿಗೆ ಗೊತ್ತು. ಏಳನೆಯ ತರಗತಿಯವರೆಗೆ ಹುಡುಗಿಯರು ಹುಡುಗರಿಗಿಂತ ಚುರುಕಾಗಿ ಓಡುತ್ತಾರೆ. ಎಂಟಕ್ಕೆ ಬರುತ್ತಲೇ ಮೈದಾನದ ಅಂಚಿಗೆ ಸರಿಯುತ್ತಾರೆ, ಒಂಬತ್ತಕ್ಕೆ ಮರದ ನೆರಳಿಗೆ. ಆಸೆ ಬತ್ತಿದ್ದಕ್ಕಲ್ಲ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇಲ್ಲ, ಬ್ಯಾಟು ಹುಡುಗರ ಕೈಯಲ್ಲಿದೆ, ಕತ್ತಲಾಗುವ ಮೊದಲು ಮನೆ ಸೇರಬೇಕು. ಹುಡುಗಿಯರ ಪಾಲಿಗೆ ಟೆನಿಕಾಯ್ಟ್ ರಿಂಗು, ಹುಡುಗರ ಪಾಲಿಗೆ ಇಡೀ ಮೈದಾನ ಎಂದು ಹಂಚಿದವರು ಯಾರೆಂದು ಯಾರಿಗೂ ನೆನಪಿಲ್ಲ, ಹಂಚಿಕೆ ಮಾತ್ರ ನಡೆದು ಬಂದಿದೆ. ವಿಶ್ವಕಪ್ ಗೆದ್ದ ಮರುದಿನ ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡುವುದು ಸುಲಭ. ವೇಳಾಪಟ್ಟಿಯಲ್ಲಿ ವಾರಕ್ಕೆರಡು ಸಂಜೆ ಮೈದಾನವನ್ನು ಹುಡುಗಿಯರ ಹೆಸರಿಗೆ ಬರೆಯುವುದು ಕಷ್ಟ.

ಹೊಗಳಿಕೆ ಬೇಡವೆನ್ನುವುದಿಲ್ಲ. ಗೆದ್ದವರನ್ನು ಮನಸಾರೆ ಹೊಗಳೋಣ. ಆದರೆ ನಮ್ಮ ಹೆಣ್ಣುಮಕ್ಕಳು ಎದ್ದು ನಿಂತರು ಎಂದು ಯಾರಾದರೂ ಹೇಳಿದಾಗ, ಅವರನ್ನು ಅಷ್ಟು ವರ್ಷ ಕೂರಿಸಿದ್ದವರು ಯಾರು ಎಂದು ಕೇಳುವ ಅಭ್ಯಾಸವೂ ಇರಲಿ. ನಿಮ್ಮ ಮನೆಯ ಹತ್ತಿರ ಒಂದು ಹೈಸ್ಕೂಲು ಇದ್ದೇ ಇರುತ್ತದೆ. ಸಂಜೆ ನಾಲ್ಕೂವರೆಗೆ ಒಮ್ಮೆ ಆ ಕಡೆ ಹೋಗಿ, ಮೈದಾನದ ನಡುವೆ ಯಾರಿದ್ದಾರೆ, ಅಂಚಿನಲ್ಲಿ ಯಾರಿದ್ದಾರೆ ಎಂದು ನೋಡಿ ಬನ್ನಿ. ಹೆಡ್‌ಮಾಸ್ತರರು ಸಿಕ್ಕರೆ ಒಂದು ಮಾತು ಕೇಳಿಯೂ ಬನ್ನಿ.