ತನ್ನೊಡನೆಯೇ ಮಾತಾಡಿದ ಐಶ್ವರ್ಯವಂತ

ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲಸಿ ಕನ್ನಡ ಬೈಬಲಿನ ಅನುವಾದಕ್ಕೆ ತೊಡಗಿದ ಬಳ್ಳಾರಿಯಲ್ಲಿ, ಲೂಕನ ಸುವಾರ್ತೆಯ 12ನೆಯ ಅಧ್ಯಾಯದ ಬುದ್ಧಿಹೀನ ಐಶ್ವರ್ಯವಂತನ ಸಾಮ್ಯವನ್ನು ಬೋಧಿಸುವವರಿಗೆ ಅದಿರಿನ ಧಣಿಗಳ ಉದಾಹರಣೆ ಸುಲಭವಾಗಿ ಕೈಗೆಟಕುತ್ತದೆ. ಆದರೆ ಅಂಥ ವ್ಯಾಖ್ಯಾನವು ಸಾಮ್ಯದ ಮೊನೆಯನ್ನು ಮೊಂಡಾಗಿಸುತ್ತದೆ. ಈತನು ಯಾರನ್ನಾದರೂ ವಂಚಿಸಿದನೆಂದು ಸುವಾರ್ತಿಕನು ಹೇಳುವುದಿಲ್ಲ. ಅವನ ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡುಗಳ ಪ್ರಾಮಾಣಿಕ ರೈತನಿಗೇ ಅವನು ಹೆಚ್ಚು ಹತ್ತಿರದವನು.

ಹಾಗಾದರೆ ದೋಷವೆಲ್ಲಿದೆ? ಅವನ ಸ್ವಗತದಲ್ಲಿ. ಗ್ರೀಕ್ ಮೂಲದಲ್ಲಿ ಬೆಳೆ, ಕಣಜ, ಸರಕು, ಪ್ರಾಣ ಇವೆಲ್ಲಕ್ಕೂ ‘ನನ್ನ’ ಎಂಬ ಪದ ಅಂಟಿಕೊಂಡಿದೆ. ನಾಟಿ ಮಾಡಿದವರಾಗಲಿ, ಕೊಯ್ದವರಾಗಲಿ, ಹಸಿದ ನೆರೆಯವರಾಗಲಿ, ದೇವರಾಗಲಿ ಅವನ ಆಲೋಚನೆಯೊಳಗೆ ಬರುವುದಿಲ್ಲ. 4ನೆಯ ಶತಮಾನದಲ್ಲಿ ಕೈಸರೈಯದ ಬಸಿಲನು ಇದೇ ಸಾಮ್ಯವನ್ನು ಬೋಧಿಸುತ್ತ, ಬಡವರ ಹೊಟ್ಟೆಯೇ ಕಣಜವೆಂದು ತೋರಿಸಿ ಆ ಸ್ವಗತವನ್ನು ಮುರಿದನು.

ಅದೇ ಅಧ್ಯಾಯದ 34ನೆಯ ವಚನದಲ್ಲಿ ನಿಧಿ ಮೊದಲು, ಹೃದಯ ಅನಂತರ. ಹೃದಯ ಮೃದುವಾಗಲಿ, ಆಮೇಲೆ ಕೊಡೋಣವೆಂದು ಕಾಯುವುದು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಆದಕಾರಣ ಸುಗ್ಗಿಯ ಆರಾಧನೆಯಲ್ಲಿ ಪ್ರಸಂಗಿಯು ಕಾಣಿಕೆಯ ಮೊತ್ತವನ್ನು ಕೇಳಿದರೆ ಸಾಲದು; ಲೆಕ್ಕ ಹಾಕುವಾಗ ಯಾರೊಡನೆ ಆಲೋಚಿಸಿದಿರಿ ಎಂದೂ ಕೇಳಬೇಕು. ಆ ಪ್ರಶ್ನೆ ಪ್ರಸಂಗಪೀಠದಲ್ಲಿ ನಿಂತವನಿಗೂ ಸಲ್ಲುತ್ತದೆ.