ಮಾತು ಕೇಳೋದು ಅಂದರೆ

ನಮ್ಮ ತ್ಯಾಗರಾಜನಗರದ ಸುತ್ತಮುತ್ತ ಕೇಳೋರಿಗೇನೂ ಬರ ಇಲ್ಲ. ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸ, ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ. ಶ್ರವಣ ಮೊದಲು, ಮನನ ಆಮೇಲೆ ಅನ್ನೋದನ್ನು ಕೇಳಿಕೊಂಡೇ ಬೆಳೆದವರು ನಾವು. ಹಾಗಾಗಿ ಸತ್ಯವೇದದ ‘ಜ್ಞಾನೋಕ್ತಿಗಳು’ ಓದೋಕೆ ಕೂತಾಗ ಹೊರಗಿನದು ಅನ್ನಿಸಲಿಲ್ಲ. ಅಲ್ಲೂ ಒಬ್ಬ ತಂದೆ ಮಗನನ್ನು ಮತ್ತೆ ಮತ್ತೆ ಕರೆದು, ಕೇಳು ಅಂತಾನೆ. ಅಲ್ಲಿನ ಮೂರ್ಖ ಬುದ್ಧಿ ಕಮ್ಮಿ ಇರೋನಲ್ಲ. ಪೂರ್ತಿ ಕೇಳೋ ಮೊದಲೇ ಉತ್ತರ ಕೊಡೋನು.

ಆದರೆ ಓದ್ತಾ ಓದ್ತಾ ಒಂದು ತಕರಾರು ಹುಟ್ಟಿತು. ‘ನಮ್ಮ ಹುಡುಗ ಮಾತು ಕೇಳಲ್ಲ’ ಅಂದರೆ ಅವನು ಕಿವುಡ ಅಂತಲ್ಲ, ಹೇಳಿದಂತೆ ನಡೆಯಲ್ಲ ಅಂತ. ಹೀಬ್ರೂ ಭಾಷೆಯ ‘ಶಮಾ’ ಎಂಬ ಕ್ರಿಯಾಪದಕ್ಕೂ ಹೀಗೇ ಎರಡು ಅರ್ಥ: ಕಿವಿಗೊಡು, ಪಾಲಿಸು. ಹಾಗಿದ್ದರೆ ಈ ಜ್ಞಾನಮಾರ್ಗವೆಲ್ಲ ದೊಡ್ಡವರು ಹೇಳೋದು, ಚಿಕ್ಕವರು ತಲೆಯಾಡಿಸೋದು, ಇಷ್ಟೇನಾ?

ಉತ್ತರ ಸಿಕ್ಕಿದ್ದು ‘ಅರಸುಗಳು’ ಪುಸ್ತಕದಲ್ಲಿ. ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ಬಂದು, ಏನು ಬೇಕೋ ಕೇಳಿಕೋ ಅಂದಾಗ ಸೊಲೊಮೋನ ಬೇಡಿದ್ದು, ಹೀಬ್ರೂ ಮೂಲದ ಪ್ರಕಾರ, ‘ಕೇಳುವ ಹೃದಯ’. 1611ರ ಇಂಗ್ಲಿಷ್ ಅನುವಾದ ಇದನ್ನು ‘ಅರಿಯುವ ಹೃದಯ’ ಮಾಡಿಬಿಟ್ಟಿತು. ಅರ್ಥ ತಪ್ಪಲ್ಲ, ಆದರೆ ಕಿವಿಯೇ ಹೋಯಿತು. ಇಲ್ಲಿ ಕೇಳಬೇಕಾದವನು ಪ್ರಜೆಯಲ್ಲ, ರಾಜ. ಹಿಂದೆಯೇ ಬರೋದು ಒಂದೇ ಕೂಸಿಗಾಗಿ ಕಿತ್ತಾಡುವ ಇಬ್ಬರು ಹೆಂಗಸರ ಕಥೆ. ನಮಗೆಲ್ಲ ನೆನಪಿರೋದು ಕತ್ತಿ. ಕತ್ತಿ ತರಿಸೋ ಮೊದಲು ಅವನು ಮಾಡೋ ಕೆಲಸ ಯಾರಿಗೂ ನೆನಪಿರಲ್ಲ: ನೀನು ಹೀಗಂತೀಯ, ಅವಳು ಹಾಗಂತಾಳೆ ಅಂತ ಇಬ್ಬರ ಮಾತನ್ನೂ ಅವರ ಮುಂದೆಯೇ ತಿರುಗಿ ಹೇಳ್ತಾನೆ. ಆ ಇಬ್ಬರೂ ವೇಶ್ಯೆಯರು, ಊರಿನಲ್ಲಿ ಯಾರೂ ಕಿವಿಗೊಡದವರು.

ಕಥೆ ಅಲ್ಲಿಗೇ ನಿಂತಿದ್ದರೆ ನೀತಿಪಾಠ ಆಗ್ತಿತ್ತು. ಇದೇ ಸೊಲೊಮೋನ ಆಮೇಲೆ ಜನರ ಮೇಲೆ ಭಾರವಾದ ನೊಗ ಹೊರಿಸ್ತಾನೆ. ಅವನು ಸತ್ತ ಮೇಲೆ ಜನ ಮಗ ರೆಹಬ್ಬಾಮನ ಹತ್ತಿರ ಬಂದು, ಸ್ವಲ್ಪ ಹಗುರ ಮಾಡಪ್ಪಾ ಅಂತಾರೆ. ಮೂರು ದಿನ ಗಡುವು ತಗೊಂಡವನು ಹಿರಿಯರ ಬುದ್ಧಿಮಾತು ಬಿಟ್ಟು, ಜೊತೆಯಲ್ಲಿ ಬೆಳೆದ ಹುಡುಗರ ಮಾತಿಗೆ ಕುಣೀತಾನೆ. ಅರಸನು ಜನರನ್ನು ಕೇಳಲಿಲ್ಲ ಅಂತ ಪುಸ್ತಕ ಹೇಳುತ್ತೆ. ಕ್ರಿಯಾಪದ ಅದೇ ‘ಶಮಾ’. ಹತ್ತು ಕುಲಗಳು ಕೈಬಿಟ್ಟುಹೋದವು.

ಜ್ಞಾನೋಕ್ತಿಗಳಲ್ಲಿ ಬಹುಪಾಲು ಸೊಲೊಮೋನನ ಹೆಸರಿನಲ್ಲೇ ಇವೆ. ‘ಮಗನೇ, ಕೇಳು’ ಅಂದವನ ಮಗನೇ ಕೇಳಲಿಲ್ಲ. ತಂದೆ ತಾನು ಕೇಳೋದನ್ನು ಯಾವತ್ತು ನಿಲ್ಲಿಸಿದನೋ, ಮಗ ಕಲಿತದ್ದು ಅದನ್ನೇ ಅಂತ ನನ್ನ ಓದು. ಉಪದೇಶ ಕಿವಿಗೆ ಬಿದ್ದಿರಬಹುದು, ಅಭ್ಯಾಸ ಮಾತ್ರ ಕಣ್ಣಿನಿಂದ ಬಂತು.

ಮೊನ್ನೆ ಮಗಳ ಮೇಲೆ ರೇಗಿದೆ, ‘ಒಂದು ಮಾತಾದರೂ ಕೇಳ್ತೀಯಾ ನೀನು?’ ಅಂತ. ‘ನಾನು ಹೇಳಿದ್ದೇನು, ಒಂದ್ಸಲ ಹೇಳಿ ನೋಡೋಣ ಅಪ್ಪ’ ಅಂದಳು. ಹೇಳೋಕೆ ಬರಲಿಲ್ಲ.