ಪಾರ್ಕ್ 'ಉದ್ಯಾನ'ವಾದ ಬಗೆ

ಹಿಂಜವಾಡಿಯ ಆಸುಪಾಸಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ 'ಪಾರ್ಕ್' ಎಂಬ ಇಂಗ್ಲಿಷ್ ಪದ ಕೇಳದ ದಿನವಿಲ್ಲ. ಮಗಳು ದುಡಿಯುವುದು ಐಟಿ ಪಾರ್ಕಿನಲ್ಲಿ, ಅಜ್ಜ ಅಡ್ಡಾಡುವುದು ಸೊಸೈಟಿಯ ಪಾರ್ಕಿನಲ್ಲಿ, ಅಳಿಯ ಸ್ಕೂಟರ್ ಪಾರ್ಕ್ ಮಾಡುವುದು ಕೆಳಗಿನ ಅಂಗಳದಲ್ಲಿ. ಒಂದು ಪದ ಮೂರು ಕೆಲಸ ಮಾಡಿದರೆ ನಮ್ಮ ಆಕ್ಷೇಪವೇನೂ ಇಲ್ಲ. ಆಕ್ಷೇಪವಿರುವುದು, ಐಟಿ ಪಾರ್ಕನ್ನು ಕನ್ನಡದಲ್ಲಿ 'ಮಾಹಿತಿ ತಂತ್ರಜ್ಞಾನ ಉದ್ಯಾನ' ಎಂದು ಬರೆಯುವ ರೂಢಿಗೆ.

ಪದದ ಮೂಲವನ್ನು ತುಸು ನೋಡೋಣ. 'ಪಾರ್ಕ್' ಹಳೆಯ ಫ್ರೆಂಚಿನಿಂದ 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ದೊರೆಯ ಅಪ್ಪಣೆ ಪಡೆದು, ಬೇಟೆಯ ಮೃಗಗಳನ್ನು ಇರಿಸಲು ಬೇಲಿ ಹಾಕಿದ ನೆಲಕ್ಕೆ ಆ ಹೆಸರು. ಇದೇ ಮೂಲದ ಜರ್ಮನ್ ಪದವೊಂದಕ್ಕೆ ಇಂದಿಗೂ ಕುರಿದೊಡ್ಡಿ ಎಂದೇ ಅರ್ಥ. ಮುಂದೆ ಸೈನ್ಯದವರು ಫಿರಂಗಿಗಳನ್ನು ನಿಲ್ಲಿಸುವ ಆವರಣವನ್ನೂ ಪಾರ್ಕ್ ಎಂದರು. ನಮ್ಮ 'ಪಾರ್ಕಿಂಗ್' ಆ ವಂಶದ ಕುಡಿ. ಸರ್ವರಿಗೂ ತೆರೆದ ಹಸುರು ತಾಣವೆಂಬ ಅರ್ಥ ಬಲಗೊಂಡದ್ದು 19ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕ್ 1847ರಲ್ಲಿ ತೆರೆಯಿತು. ಬೆಂಗಳೂರಿನ ಕಬ್ಬನ್ ಪಾರ್ಕ್ 1870ರದು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1951ರಲ್ಲಿ ತನ್ನ ಜಮೀನನ್ನು ಉದ್ಯಮಗಳಿಗೆ ಕೊಟ್ಟು 'ಇಂಡಸ್ಟ್ರಿಯಲ್ ಪಾರ್ಕ್' ಎಂದು ಕರೆಯಿತು. ಅಂಥ ಹೆಸರುಗಳ ಸಾಲಿನಲ್ಲೇ ನಮ್ಮ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬರುತ್ತದೆ.

ಸ್ವಾರಸ್ಯವೆಂದರೆ 'ವಾಡಿ'ಯ ಹಿಂದಿರುವ ಸಂಸ್ಕೃತದ 'ವಾಟ' ಶಬ್ದಕ್ಕೂ ಬೇಲಿ, ಆವರಣ ಎಂಬ ಅರ್ಥಗಳೇ ಇವೆ. ಅಂದಮೇಲೆ ಹಿಂಜವಾಡಿಗೆ ಪಾರ್ಕ್ ಬಂದದ್ದು ಬೇಲಿಯ ಮೇಲೆ ಬೇಲಿ ಬಂದಂತೆ! ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಹೋಗುವ ಜಾಗಕ್ಕೆ ಪಾರ್ಕ್ ಎಂಬ ಹೆಸರು ಮೂಲಾರ್ಥದಲ್ಲಿ ಸರಿಯಾಗಿಯೇ ಒಪ್ಪುತ್ತದೆ.

ಆದರೆ 'ಉದ್ಯಾನ' ಒಪ್ಪುವುದಿಲ್ಲ. 'ಉತ್' ಮತ್ತು 'ಯಾನ' ಸೇರಿದ ಈ ಪದದ ಮೊದಲ ಅರ್ಥ ಹೊರಗೆ ಹೋಗುವುದು. ಬಳಿಕ, ವಿಹರಿಸುವ ತೋಟ. ಒಂದು ಪದ ಒಳಗೆ ಕೂಡುತ್ತದೆ, ಇನ್ನೊಂದು ಹೊರಗೆ ಬಿಡುತ್ತದೆ. ಅನುವಾದಕರು ಪಾರ್ಕಿನ ಹಲವು ಅರ್ಥಗಳಲ್ಲಿ ಇಲ್ಲಿಗೆ ಸಲ್ಲದ ಒಂದನ್ನೇ ಆರಿಸಿಕೊಂಡಿದ್ದಾರೆ.

ಇದು ಬರಿಯ ಪಂಡಿತರ ಜಗಳವಲ್ಲ. ಹೆಸರಿನಲ್ಲಿಯೇ ಉದ್ಯಾನವಿರುವ ಊರಿನಲ್ಲಿ, ಮಕ್ಕಳಿಗೆ ಆಡಲು, ಹಿರಿಯರಿಗೆ ಕೂರಲು ಒಂದು ಉದ್ಯಾನ ಬೇಕೆಂದು ಕೇಳುವುದು ಹೇಗೆ? ಇಲ್ಲದ ವಸ್ತುವನ್ನು ಇದೆಯೆಂದು ಹೇಳುವ ಪದ, ಅದನ್ನು ಕೇಳುವ ಬಾಯನ್ನೂ ಕಟ್ಟುತ್ತದೆ.

ಕನ್ನಡದಲ್ಲಿ 'ಕೈಗಾರಿಕಾ ವಸಾಹತು' ಎಂಬ ಮಾತು ಹಿಂದಿನಿಂದಲೂ ಇದೆ. ಮರಾಠಿ ನೆರೆಯವರೂ 'ಔದ್ಯೋಗಿಕ ವಸಾಹತ' ಎನ್ನುತ್ತಾರೆ. ಐಟಿಗೂ ಅದು ಸಾಕು. ಬೇಡವಾದರೆ 'ಪಾರ್ಕ್' ಎಂದೇ ಬರೆಯಲಿ, ಚಿಂತೆಯಿಲ್ಲ. 'ಉದ್ಯಾನ'ವನ್ನು ಮಾತ್ರ ಮರಗಿಡಗಳಿಗೂ ಮಕ್ಕಳಿಗೂ ಮೀಸಲಾಗಿ ಉಳಿಸೋಣ.